ಹತ್ತು ಹಾಸಿಗೆಯ ಸಾಂಕ್ರಾಮಿಕ ರೋಗಗಳ ಆಸ್ಪತ್ರೆ ನಡೆಸುವುದು ಹೇಗೆ: ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯವರಿಗೆ

ಹತ್ತು ಹಾಸಿಗೆಯ ಐಸೋಲೇಶನ್ ವಾರ್ಡ್ ಅಂದರೆ ನಮ್ಮ ಕಡೆ ಹತ್ತು ಮಂದಿಯ ಲೆಕ್ಕವಲ್ಲ. ಒಬ್ಬ ರೋಗಿಯ ಹಿಂದೆ ಅವ್ವ, ಅತ್ತೆ, ಬುತ್ತಿ ತಂದ ಚಿಕ್ಕಪ್ಪ, ನೋಡಿ ಹೋಗಲು ಬಂದ ಓಣಿಯ ಇಬ್ಬರು ಇರುತ್ತಾರೆ. ಕಟ್ಟಡ, ಯಂತ್ರ, ಔಷಧಿ ಎಲ್ಲ ಸರಿಯಿದ್ದ ವಾರ್ಡಿನಿಂದಲೂ ರೋಗ ಹೊರಗೆ ಹೋಗುವುದು ಹೆಚ್ಚಾಗಿ ಇವರ ಕೈ, ಸೆರಗು, ಬುತ್ತಿ ಡಬ್ಬಿಯ ಮೂಲಕ. ಆದ್ದರಿಂದ ವಾರ್ಡ್ ಯೋಜಿಸುವಾಗ ರೋಗಿಯ ಜೊತೆಗೆ ಅವನ ಮಂದಿಯನ್ನೂ, ಅವರು ಬಳಸುವ ನೀರನ್ನೂ, ಅವರು ಉಸಿರಾಡುವ ಗಾಳಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ತಾಲ್ಲೂಕು ಆಸ್ಪತ್ರೆಯ ಒಂದು ಮೂಲೆ, ಖಾಲಿ ಇರುವ ಹಾಸ್ಟೆಲ್, ದೊಡ್ಡ ಸಮುದಾಯ ಭವನ, ಯಾವುದಾದರೂ ಆದೀತು. ಖಾಸಗಿಯವರಾದರೆ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಮತ್ತು ಜೈವಿಕ ವೈದ್ಯಕೀಯ ತ್ಯಾಜ್ಯಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇಲ್ಲದೆ ಮೊದಲ ರೋಗಿಯನ್ನೂ ಒಳಗೆ ತೆಗೆದುಕೊಳ್ಳಬೇಡಿ.

ನೆಲ ನೋಡಿ, ಆಮೇಲೆ ಗೋಡೆ

ನವಲಗುಂದ, ನರಗುಂದ, ರೋಣ, ಗದಗ ಸುತ್ತಿನ ಎರೆ ಭೂಮಿ ನೀರು ಇಂಗಿಸುವುದಿಲ್ಲ. ಬೇಸಿಗೆಯಲ್ಲಿ ಅಂಗೈ ಅಗಲ ಬಿರುಕು ಬಿಟ್ಟು ಒಳ್ಳೆಯ ಇಂಗುಗುಂಡಿಯಂತೆ ಕಾಣುತ್ತದೆ. ಎರಡು ಮಳೆ ಬಿದ್ದ ಮೇಲೆ ಉಬ್ಬಿ ಮುಚ್ಚಿಕೊಂಡು, ಗುಂಡಿಯ ನೀರು ಮೇಲಕ್ಕೆ ಬಂದು ಅಂಗಳದಲ್ಲಿ ನಿಲ್ಲುತ್ತದೆ. ವಾಂತಿಭೇದಿ ಬರುವುದೂ ಅದೇ ಹೊತ್ತಿನಲ್ಲಿ. ಎರೆಯಲ್ಲಿ ಇಂಗುಗುಂಡಿಯನ್ನು ನಂಬದೆ ತಳ, ಗೋಡೆ ಎರಡೂ ಗಿಲಾವು ಆದ ಟ್ಯಾಂಕ್ ಕಟ್ಟಿಸಿ, ತುಂಬಿದಾಗ ಸಕ್ಕಿಂಗ್ ಗಾಡಿ ಕರೆಸಿ. ಕಲಘಟಗಿ ಕಡೆಯ ಕೆಂಪು ನೆಲದಲ್ಲಿ ಇಂಗುಗುಂಡಿ ನಡೆಯುತ್ತದೆ. ಆದರೆ ಬೋರ್‌ವೆಲ್ ಅಥವಾ ಬಾವಿಯಿಂದ ಕನಿಷ್ಠ 30 ಮೀಟರ್ ದೂರವಿರಲಿ, ಗುಂಡಿಯ ತಳ ಅಂತರ್ಜಲದ ಮಟ್ಟಕ್ಕಿಂತ ಒಂದೂವರೆ ಮೀಟರ್ ಮೇಲಿರಲಿ.

ಕಕ್ಕಸು 20 ರೋಗಿಗಳಿಗೆ ಒಂದು ಎಂಬುದು ಕನಿಷ್ಠ ಲೆಕ್ಕ. ಹತ್ತು ಹಾಸಿಗೆಗೆ ಗಂಡಸರಿಗೊಂದು, ಹೆಂಗಸರಿಗೊಂದು ಇಟ್ಟು, ಸಿಬ್ಬಂದಿಯದನ್ನು ಕಡ್ಡಾಯವಾಗಿ ಬೇರೆ ಮಾಡಿ.

ಗಾಳಿ

ಪ್ಲೇಗಿನ ಕಾಲದಲ್ಲಿ ನಮ್ಮ ಊರುಗಳ ಮಂದಿ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಇಲಿ ಇರುವ ಕತ್ತಲ ಮನೆಗಿಂತ ಅದು ಎಷ್ಟೋ ವಾಸಿಯಾಗಿತ್ತು. ಇವತ್ತೂ ಗಾಳಿಯಲ್ಲಿ ಹರಡುವ ಕಾಯಿಲೆಗೆ, ಎದುರುಬದುರು ಕಿಟಕಿ ಇರುವ ಹಳೆಯ ಎತ್ತರದ ಕೋಣೆ, ಎಸಿ ಹಾಕಿ ಮುಚ್ಚಿದ ಹೊಸ ಕೋಣೆಗಿಂತ ಮೇಲು. ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರುವುದಿಲ್ಲ, ಕೋಣೆಯೊಳಗಿನದನ್ನೇ ತಿರುಗಿಸಿ ತಿರುಗಿಸಿ ಕೊಡುತ್ತದೆ.

ಆದರೆ ಕಿಟಕಿಯೊಂದನ್ನೇ ನಂಬಿದರೆ ನಮ್ಮ ಕಡೆ ವರ್ಷದಲ್ಲಿ ಎರಡು ಸಲ ಮೋಸ ಹೋಗುತ್ತೀರಿ. ಆಷಾಢದಲ್ಲಿ ಗಾಳಿ ಪಡುವಣದಿಂದ ಬಡಿಯುತ್ತದೆ, ಚಳಿಗಾಲದಲ್ಲಿ ಮೂಡಣದಿಂದ. ಮಳೆಗಾಲದಲ್ಲಿ ರೋಗಿಯ ಕೋಣೆಯಿಂದ ಹೊರಗೆ ಹೋಗುತ್ತಿದ್ದ ಗಾಳಿ ಡಿಸೆಂಬರ್‌ನಲ್ಲಿ ಅದೇ ಕೋಣೆಯಿಂದ ನರ್ಸ್ ಕೂಡುವ ಪಡಸಾಲೆಗೆ ನುಗ್ಗುತ್ತದೆ. ಅದಕ್ಕೇ ಎಕ್ಸಾಸ್ಟ್ ಫ್ಯಾನ್ ಬೇಕು.

ದಡಾರ, ಸೀತಾಳೆ ಸಿಡುಬು, ಕ್ಷಯದಂಥ ಗಾಳಿಯಲ್ಲಿ ಹರಡುವ ರೋಗಗಳಿಗೆ ಗಂಟೆಗೆ 12 ಸಲ ಕೋಣೆಯ ಗಾಳಿ ಬದಲಾಗಬೇಕು. 4 ಮೀಟರ್ ಉದ್ದ, 3 ಅಗಲ, 3 ಎತ್ತರದ ಕೋಣೆಯೆಂದರೆ 36 ಘನ ಮೀಟರ್. ಅದಕ್ಕೆ ಗಂಟೆಗೆ 432 ಘನ ಮೀಟರ್ ಎಳೆಯುವ ಫ್ಯಾನ್ ಸಾಕು. ಫ್ಯಾನಿನ ಮೇಲೆ ಬರೆದ ಅಂಕಿ ಎದುರಿಗೆ ಏನೂ ಅಡ್ಡವಿಲ್ಲದಾಗಿನದು. ಜಾಳಿಗೆ, ಧೂಳು, ಗೋಡೆಯ ಕೊಳವೆ ಸೇರಿದರೆ ಬಹಳ ಕಡಿಮೆಯಾಗುವುದರಿಂದ ಬೇಕಾದ್ದರ ದುಪ್ಪಟ್ಟು ಅಂಕಿಯದನ್ನು ತನ್ನಿ. ಫ್ಯಾನ್ ಕೂರಿಸುವುದು ಬಾಗಿಲಿನ ಎದುರು ಗೋಡೆಯಲ್ಲಿ, ರೋಗಿಯ ತಲೆಯ ಬದಿಗೆ. ಬಾಗಿಲ ಕಡೆಯಿಂದ ಬಂದ ಗಾಳಿ ಆರೈಕೆ ಮಾಡುವವರನ್ನು ದಾಟಿ, ರೋಗಿಯನ್ನು ದಾಟಿ, ಹೊರಗೆ ಹೋಗಬೇಕು. ಫ್ಯಾನ್ ಬಿಡುವ ಜಾಗದಿಂದ 8 ಮೀಟರ್ ಒಳಗೆ ಮಂದಿ ಕೂಡುವ ಕಟ್ಟೆಯಾಗಲಿ, ಇನ್ನೊಂದು ವಾರ್ಡಿನ ಕಿಟಕಿಯಾಗಲಿ ಇರಕೂಡದು.

ಪರೀಕ್ಷೆಗೆ ದುಬಾರಿ ಯಂತ್ರ ಬೇಡ. ಬಾಗಿಲು ಮುಚ್ಚಿ, ಹೊರಗೆ ನಿಂತು, ಹಚ್ಚಿದ ಊದಿನಕಡ್ಡಿಯನ್ನು ಬಾಗಿಲ ಕೆಳಗಿನ ಸಂದಿಗೆ ಎರಡು ಬೆರಳು ದೂರದಲ್ಲಿ ಹಿಡಿಯಿರಿ. ಹೊಗೆ ಎಳೆಯಾಗಿ ಒಳಕ್ಕೆ ಹೋಗಬೇಕು. ನೇರ ಮೇಲೆದ್ದರೆ ಕೋಣೆ ಎಳೆಯುತ್ತಿಲ್ಲ ಎಂದರ್ಥ. ಕಾರಣ ಸಾಮಾನ್ಯವಾಗಿ ಮೂರರಲ್ಲೊಂದು: ಫ್ಯಾನಿನ ಪಕ್ಕದ ಕಿಟಕಿ ತೆರೆದಿದೆ, ಹೀಗಾಗಿ ಫ್ಯಾನ್ ಅಲ್ಲಿಂದಲೇ ಎಳೆದು ಅಲ್ಲಿಯೇ ಬಿಡುತ್ತಿದೆ. ಜಾಳಿಗೆಯಲ್ಲಿ ಹೊಟ್ಟು, ಧೂಳು ಕಟ್ಟಿದೆ. ಇಲ್ಲವೇ ಫ್ಯಾನನ್ನು ತಿರುವುಮುರುವು ಕೂರಿಸಿದ್ದಾರೆ. ಮೂರನೆಯದನ್ನು ಕೇಳಿ ನಗಬೇಡಿ. ಹೊಗೆ ಹೊರಕ್ಕೆ, ನಿಮ್ಮ ಮುಖಕ್ಕೆ ಬಂದರೆ ಮೊದಲು ನೋಡಬೇಕಾದ್ದು ಅದನ್ನೇ. ಈ ಕಡ್ಡಿ ಪರೀಕ್ಷೆ ದಿನಾ ಬೆಳಿಗ್ಗೆ ಪಾಳಿ ಬದಲಾಗುವಾಗ ಆಗಲಿ, ರಿಜಿಸ್ಟರಿನಲ್ಲಿ ಸಹಿ ಬೀಳಲಿ.

ಕರೆಂಟು ಹೋದರೆ ಏನು? ಇನ್ವರ್ಟರಿನ ಲೈನಿಗೆ ಎಕ್ಸಾಸ್ಟ್ ಮೊದಲು, ಟ್ಯೂಬ್‌ಲೈಟ್ ಆಮೇಲೆ. ಇನ್ವರ್ಟರೂ ಕೈಕೊಟ್ಟರೆ ಹೊರಗೋಡೆಯ ಕಿಟಕಿ ಪೂರ್ತಿ ತೆಗೆದು, ಪಡಸಾಲೆಯ ಬಾಗಿಲು ಮುಚ್ಚಿ. ಸೆಕೆ ಎಂದು ಮಂದಿ ಮೊದಲು ತೆರೆಯುವುದು ಪಡಸಾಲೆಯ ಬಾಗಿಲನ್ನೇ.

ಯಾರನ್ನು ಎಲ್ಲಿ ಮಲಗಿಸುವುದು

ಗೇಟಿನಲ್ಲೇ ನಾಲ್ಕು ಪ್ರಶ್ನೆ: ಜ್ವರ, ಕೆಮ್ಮು, ಮೈಮೇಲೆ ಗುಳ್ಳೆ, ಭೇದಿ. ಕೆಮ್ಮಿದ್ದರೆ ಅಲ್ಲೇ ಮಾಸ್ಕ್. ಗುಳ್ಳೆಯಿದ್ದ ಮಗುವನ್ನು ಒಪಿಡಿ ಸಾಲಿನಲ್ಲಿ ಒಂದು ಕ್ಷಣವೂ ಕೂಡಿಸಬೇಡಿ. ದಡಾರದ ವೈರಾಣು ರೋಗಿ ಎದ್ದುಹೋದ ಮೇಲೂ ಎರಡು ಗಂಟೆಯವರೆಗೆ ಗಾಳಿಯಲ್ಲಿ ಉಳಿಯುತ್ತದೆ.

ದಡಾರವನ್ನು ನಮ್ಮಲ್ಲಿ ಗೊಬ್ಬರ ಎನ್ನುತ್ತಾರೆ, ಸೀತಾಳೆ ಸಿಡುಬಿಗೆ ಅಮ್ಮ ಬಂದಾಳ ಎನ್ನುತ್ತಾರೆ. ಆ ಮಾತಿಗೆ ನರ್ಸ್ ಮುಖ ಸಿಂಡರಿಸಿದರೆ ಆ ಮನೆಯ ಎರಡನೇ ಮಗು ಆಸ್ಪತ್ರೆಗೆ ಬರುವುದೇ ಇಲ್ಲ. ಬೇವಿನ ತೊಪ್ಪಲು ಕಟ್ಟಿಕೊಳ್ಳಲಿ, ತೊಂದರೆಯಿಲ್ಲ. ಉಡಿ ತುಂಬಲು ಓಣಿಯ ಹೆಂಗಸರು ಒಳಗೆ ಬರುವುದು ಮಾತ್ರ ಆಗದು ಎಂದು ಮೊದಲೇ ಹೇಳಿ.

ದಡಾರ, ಸೀತಾಳೆ ಸಿಡುಬು, ಕಫದಲ್ಲಿ ರೋಗಾಣು ಇರುವ ಕ್ಷಯ, ಇವಕ್ಕೆ ಫ್ಯಾನ್ ಇರುವ ಒಂಟಿ ಕೋಣೆ. ಗಂಟಲುಮಾರಿ, ನಾಯಿಕೆಮ್ಮು, ಕೆಪ್ಪಟ, ಇನ್‌ಫ್ಲುಯೆಂಜಾ ಹನಿಗಳಿಂದ ಹರಡುವಂಥವು. ಹಾಸಿಗೆಗಳ ನಡುವೆ ಕನಿಷ್ಠ ಒಂದು ಮೀಟರ್, ಜಾಗವಿದ್ದರೆ ಎರಡು ಇಟ್ಟು ಒಂದೇ ಕೋಣೆಯಲ್ಲಿ ಮಲಗಿಸಬಹುದು. ಆದರೆ ಒಂದು ಕೋಣೆಗೆ ಒಂದೇ ಖಚಿತ ರೋಗ. ಸಂಶಯದವರನ್ನು ಖಚಿತವಾದವರ ಜೊತೆ ಸೇರಿಸಬೇಡಿ. ಬರೀ ಟಾನ್ಸಿಲ್ ಬಾವಿನ ಹುಡುಗನನ್ನು ಗಂಟಲುಮಾರಿಯ ಹುಡುಗನ ಪಕ್ಕ ಮಲಗಿಸಿದರೆ ಮೂರನೆಯ ದಿನ ಇಬ್ಬರಿಗೂ ಅದೇ ಕಾಯಿಲೆ ಆಗಬಹುದು.

ಡೆಂಗಿ, ಇಲಿ ಜ್ವರ, ಸ್ಕ್ರಬ್ ಟೈಫಸ್, ಮಲೆನಾಡಿನ ಕಡೆಯಿಂದ ಬರುವ ಮಂಗನ ಕಾಯಿಲೆ, ಇವು ಪಕ್ಕದ ಹಾಸಿಗೆಗೆ ಹಾರುವುದಿಲ್ಲ. ಜ್ವರ ಎಂದ ಕೂಡಲೇ ಎಲ್ಲರನ್ನೂ ಐಸೋಲೇಶನ್‌ಗೆ ತಳ್ಳಿ ಹಾಸಿಗೆ ತುಂಬಿಸಿಕೊಳ್ಳುವುದು ಮಾಮೂಲಿ ತಪ್ಪು. ಡೆಂಗಿಯವರಿಗೆ ಬೇಕಾದ್ದು ಸೊಳ್ಳೆಪರದೆ, ಅದೂ ಹಗಲು ಹೊತ್ತಿನಲ್ಲಿ. ಆ ಸೊಳ್ಳೆ ಕಚ್ಚುವುದೇ ಹಗಲು.

ಬಿಡುಗಡೆಯ ದಿನಗಳನ್ನು ಗೋಡೆಗೆ ಬರೆದು ಹಚ್ಚಿ: ದಡಾರ, ಗುಳ್ಳೆ ಬಂದ ನಂತರ 4 ದಿನ. ಸೀತಾಳೆ, ಎಲ್ಲ ಗುಳ್ಳೆ ಒಣಗಿ ಹಕ್ಕಳೆ ಆಗುವವರೆಗೆ. ಕೆಪ್ಪಟ, ಬಾವು ಬಂದ ಮೇಲೆ 5 ದಿನ. ನಾಯಿಕೆಮ್ಮು, ಸರಿಯಾದ ಆಂಟಿಬಯೋಟಿಕ್ ಶುರುವಾದ ಮೇಲೆ 5 ದಿನ. ಗಂಟಲುಮಾರಿ, ಔಷಧಿ ಮುಗಿದ ಮೇಲೆ 24 ಗಂಟೆ ಅಂತರದ ಎರಡು ಕಲ್ಚರ್ (ಮಾದರಿಯಲ್ಲಿ ರೋಗಾಣು ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆ) ನೆಗೆಟಿವ್ ಬರುವವರೆಗೆ.

ಗಂಟಲುಮಾರಿ ಬಗ್ಗೆ ಇನ್ನೆರಡು ಮಾತು. ಗಂಟಲಲ್ಲಿ ಬೂದು ಬಣ್ಣದ ಪೊರೆ ಕಂಡರೆ ಕೆರೆದು ತೆಗೆಯಲು ಹೋಗಬೇಡಿ, ರಕ್ತ ಬರುತ್ತದೆ, ಉಸಿರು ಕಟ್ಟಬಹುದು. ಕುತ್ತಿಗೆ ಎತ್ತಿನ ಕುತ್ತಿಗೆಯಂತೆ ಬಾತಿದ್ದರೆ, ಉಸಿರಿಗೆ ಸದ್ದು ಬರುತ್ತಿದ್ದರೆ ನಿಮ್ಮ ಹತ್ತು ಹಾಸಿಗೆಯಲ್ಲಿ ಇಟ್ಟುಕೊಳ್ಳುವ ಕೇಸಲ್ಲ. ಮೊದಲೇ ಫೋನು ಮಾಡಿ, ಆಂಟಿಟಾಕ್ಸಿನ್ (ರೋಗಾಣು ಬಿಡುವ ವಿಷಕ್ಕೆ ಮದ್ದು) ಮತ್ತು ಐಸಿಯು ಇದೆಯೇ ಕೇಳಿ, ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಅಥವಾ ಗದಗ, ಹಾವೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಕಳಿಸಿ. ಆಂಟಿಟಾಕ್ಸಿನ್ ಕೊಡುವುದು ಲ್ಯಾಬ್ ವರದಿಗೆ ಕಾಯದೆ. ತಡವಾದಷ್ಟೂ ವಿಷ ಹೃದಯಕ್ಕೆ ಇಳಿಯುತ್ತದೆ.

ಜೊತೆಗಿರುವವರು

ಒಬ್ಬ ರೋಗಿಗೆ ಒಬ್ಬರೇ. ಪಾಸ್ ಕೊಡಿ, ಬಣ್ಣದ ಪಟ್ಟಿ ಕೈಗೆ ಕಟ್ಟಿ. ಮಗುವಿನ ಜೊತೆ ತಾಯಿ ಇರಲೇಬೇಕು, ಅದರಲ್ಲಿ ಜಗ್ಗಾಟ ಬೇಡ. ಆದರೆ ಆ ತಾಯಿ ಬಸುರಿಯಾಗಿದ್ದು, ಸೀತಾಳೆ ಅಥವಾ ದಡಾರ ಹಿಂದೆ ಬಂದಿಲ್ಲದಿದ್ದರೆ ಅಜ್ಜಿಯನ್ನು ಕರೆಸಿ.

ಬುತ್ತಿಯ ವಿಷಯಕ್ಕೆ ಜಗಳ ಬರುವುದು ಖಚಿತ. ಬುತ್ತಿ ನಿಷೇಧಿಸಿದರೆ ಕಾಂಪೌಂಡ್ ಗೋಡೆಯ ಮೇಲಿಂದ ಬರುತ್ತದೆ. ಗೇಟಿನಲ್ಲಿ ಒಂದು ಮೇಜು ಹಾಕಿ. ರೊಟ್ಟಿ, ಪಲ್ಲೆಯನ್ನು ಆಸ್ಪತ್ರೆಯ ತಟ್ಟೆಗೆ ಸುರಿದುಕೊಂಡು, ಮನೆಯ ಡಬ್ಬಿಯನ್ನು ಅಲ್ಲೇ ಮರಳಿಸಿ. ಡಬ್ಬಿ, ಬಟ್ಟೆಗಂಟು ಎಂದೂ ಗೆರೆ ದಾಟಬಾರದು, ದಾಟಿದ್ದು ತೊಳೆಯದೆ ಹಿಂತಿರುಗಬಾರದು. ತಟ್ಟೆಯನ್ನು ಸೋಪಿನಿಂದ ತೊಳೆದು, 0.05% ಕ್ಲೋರಿನ್ ನೀರಿನಲ್ಲಿ ಅದ್ದಿ ಒಣಗಿಸಿ. ಎಲೆಅಡಿಕೆ, ಗುಟ್ಕಾ ಉಗುಳುವವರಿಗೆ ಗೋಡೆ ಬರಹ ತಾಗುವುದಿಲ್ಲ. ಗೇಟಿನಲ್ಲೇ ಚೀಟು ಇಸಿದುಕೊಂಡು ಹೋಗುವಾಗ ಮರಳಿಸುವ ಕಾವಲುಗಾರ ಬೇಕು.

ಕ್ಲೋರಿನ್: ತೂಕ ಮಾಡಿ, ಅಂದಾಜು ಬೇಡ

ಹೊಸ ಬ್ಲೀಚಿಂಗ್ ಪೌಡರಿನಲ್ಲಿ ಸುಮಾರು 30ರಿಂದ 33% ಕ್ಲೋರಿನ್ ಇರುತ್ತದೆ. ಬಾಯಿ ತೆರೆದ ಚೀಲ ಬೇಸಿಗೆಯ ತಗಡಿನ ಶೆಡ್ಡಿನಲ್ಲಿ ಕೂತರೆ ಅದು ಬರೀ ಸುಣ್ಣವಾಗುತ್ತ ಹೋಗುತ್ತದೆ, ಬಣ್ಣ ಮಾತ್ರ ಬದಲಾಗುವುದಿಲ್ಲ. 25 ಕೆಜಿ ಚೀಲವನ್ನು ಬಂದ ದಿನವೇ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗಳಿಗೆ ಹಂಚಿ, ಮೇಲೆ ತಾರೀಖು ಬರೆದು, ತಣ್ಣಗಿನ ಕತ್ತಲ ಕೋಣೆಯಲ್ಲಿಡಿ. ಕಬ್ಬಿಣದ ಡ್ರಮ್ ಬೇಡ, ತುಕ್ಕು ಹಿಡಿದು ತೂತು ಬೀಳುತ್ತದೆ.

ಲೆಕ್ಕ ಸರಳ: ಬೇಕಾದ ಶೇಕಡಾವನ್ನು ಪೌಡರಿನ ಶೇಕಡಾದಿಂದ ಭಾಗಿಸಿ ಸಾವಿರದಿಂದ ಗುಣಿಸಿದರೆ ಒಂದು ಲೀಟರಿಗೆ ಎಷ್ಟು ಗ್ರಾಂ ಎಂಬುದು ಸಿಗುತ್ತದೆ. 30% ಪೌಡರಿಗೆ,

- 0.05%: 20 ಲೀಟರಿಗೆ 33 ಗ್ರಾಂ. ಪಾತ್ರೆ, ತೊಳೆದ ಬಟ್ಟೆ, ಸೋಪು ಸಿಗದಾಗ ಕೈಗೆ.
- 0.5%: 20 ಲೀಟರಿಗೆ 333 ಗ್ರಾಂ. ನೆಲ, ಮಂಚ, ಬಾಗಿಲ ಹಿಡಿ, ಕಕ್ಕಸು.
- 2%: 10 ಲೀಟರಿಗೆ 667 ಗ್ರಾಂ. ಭೇದಿ, ವಾಂತಿ ತುಂಬಿದ ಬಕೆಟ್ಟಿಗೆ ಮಾತ್ರ.

ಪೌಡರ್ ಹಳತಾಗಿ 20%ಕ್ಕೆ ಇಳಿದಿದ್ದರೆ ಎರಡನೆಯದಕ್ಕೆ 333 ಅಲ್ಲ, 500 ಗ್ರಾಂ ಬೇಕು. ಚಮಚ, ಮುಷ್ಟಿಯ ಲೆಕ್ಕ ಬೇಡ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಒಮ್ಮೆ ತೂಗಿ, ಅಷ್ಟು ಹಿಡಿಯುವಂತೆ ನೀರಿನ ಬಾಟಲಿಯ ತಳ ಕತ್ತರಿಸಿ ಅಳತೆ ಮಾಡಿಕೊಳ್ಳಿ. ಮೂರು ಡ್ರಮ್ಮಿಗೆ ಮೂರು ಬಣ್ಣ ಬಳಿಯಿರಿ, ಓದಲು ಬಾರದವರಿಗೂ ತಿಳಿಯುತ್ತದೆ. ಕಲೆಸಿ ಅರ್ಧ ಗಂಟೆ ಬಿಟ್ಟು ಮೇಲಿನ ತಿಳಿಯನ್ನಷ್ಟೇ ಬಳಸಿ, ಗಸಿ ಹೋದರೆ ನಲ್ಲಿ ಕಟ್ಟುತ್ತದೆ. ದಿನಾ ಹೊಸದಾಗಿ ಮಾಡಿ.

ನೆಲವನ್ನು ಮೊದಲು ಸೋಪಿನ ನೀರಿನಿಂದ ಒರೆಸಿ, ಆಮೇಲೆ ಕ್ಲೋರಿನ್ ಹಾಕಿ, ಹತ್ತು ನಿಮಿಷವಾದರೂ ಒದ್ದೆ ಇರಲಿ. ಕೊಳೆಯ ಮೇಲೆ ಸುರಿದರೆ ಕೊಳೆಯೇ ಕ್ಲೋರಿನ್ ತಿಂದುಬಿಡುತ್ತದೆ. ಮನುಷ್ಯರ ಮೇಲೆ ಸಿಂಪಡಿಸಬೇಡಿ, ಕಣ್ಣು, ಶ್ವಾಸ ಕೆಡುವುದೊಂದೇ ಲಾಭ. ಇನ್ನೊಂದು ಅಪಾಯ ಕಕ್ಕಸಿನಲ್ಲಿದೆ: ಕಲೆ ತೆಗೆಯಲು ಆಸಿಡ್ ಹಾಕಿದ ಮೇಲೆ ಅದರ ಮೇಲೆಯೇ ಬ್ಲೀಚಿಂಗ್ ನೀರು ಸುರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಕಕ್ಕಸಿನಲ್ಲಿ ಅದು ಉಸಿರು ಕಟ್ಟಿಸುತ್ತದೆ. ಸ್ವಚ್ಛತೆಯವರ ಕೋಣೆಯಲ್ಲಿ ಆಸಿಡ್ ಬಾಟಲಿ ಇಡಲೇಬೇಡಿ.

ನೀರು

ವಾಂತಿಭೇದಿ ರೋಗಿಗೆ ದಿನಕ್ಕೆ 60 ಲೀಟರ್, ಜೊತೆಗಿರುವವರಿಗೆ 15. ಹತ್ತು ಹಾಸಿಗೆಗೆ 750 ಲೀಟರ್ ಆಯಿತು. ನಳ ದಿನಾ ಬಾರದ ಊರಿನಲ್ಲಿ ಎರಡು ಸರಬರಾಜಿನ ನಡುವಿನ ದಿನಗಳಿಗೆ ಒಂದು ದಿನ ಕೂಡಿಸಿ ಗುಣಿಸಿ. ಆರು ದಿನಕ್ಕೊಮ್ಮೆ ನೀರು ಬಂದರೆ 5,250 ಲೀಟರಿನ ಸಂಗ್ರಹ ಬೇಕು. ಮುಚ್ಚಳ ಬಿಗಿಯಿರಲಿ, ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ಇಂಥ ತಿಳಿ ನೀರಿನಲ್ಲೇ. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರಿನಿಂದ ಶುರು ಮಾಡಿ, ಅರ್ಧ ಗಂಟೆ ಬಿಟ್ಟು ಪರೀಕ್ಷಿಸಿ. ಲೀಟರಿಗೆ 0.5 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಕಾಣದಿದ್ದರೆ ಇನ್ನಷ್ಟು ಸೇರಿಸಿ. ಮಳೆಗಾಲದ ಕೆಂಪು ನೀರಾದರೆ ಮೊದಲು ಪಟಿಕದಿಂದ ತಿಳಿ ಮಾಡಿಕೊಳ್ಳಿ.

ವಾಂತಿಭೇದಿಯ ಮಂಚ ಮತ್ತು ಸಲೈನ್

ಕಾಲರಾ ಮಂಚವನ್ನು ಊರ ಬಡಿಗನಿಂದಲೇ ಮಾಡಿಸಬಹುದು. ಹೊರಸಿನ ನಡುವೆ, ಸೊಂಟ ಬರುವ ಜಾಗದಲ್ಲಿ 20-25 ಸೆಂಟಿಮೀಟರ್ ಅಗಲದ ತೂತು. ಮೇಲೆ ರೆಕ್ಸಿನ್, ತೂತಿನ ಸುತ್ತ ರೆಕ್ಸಿನ್ನನ್ನೇ ಕೊಳವೆಯಂತೆ ಕೆಳಕ್ಕೆ ಇಳಿಬಿಟ್ಟು ಬಕೆಟ್ಟಿನ ಒಳಗೆ ಹೋಗುವ ಹಾಗೆ ಹೊಲಿಸಿ. ಹೊಲಿಸದೆ ಬರೀ ಕತ್ತರಿಸಿ ಬಿಟ್ಟರೆ ಅಂಚಿನಿಂದ ಸೋರಿ ಹಗ್ಗಕ್ಕೆ ಇಳಿಯುತ್ತದೆ, ಹಗ್ಗವನ್ನು ಯಾವ ಕ್ಲೋರಿನ್ನೂ ಸ್ವಚ್ಛ ಮಾಡಲಾರದು. ಅದಕ್ಕೇ ನೂಲಿನ ಹಗ್ಗಕ್ಕಿಂತ ಪ್ಲಾಸ್ಟಿಕ್ ಪಟ್ಟಿಯ ಹೊರಸು ಮೇಲು. ಬಕೆಟ್ಟಿನ ಒಳಗೆ ಲೀಟರಿಗೊಂದು ಗೆರೆ ಎಳೆಯಿರಿ, ಎಷ್ಟು ಹೋಯಿತು ಎಂಬುದು ಅಲ್ಲೇ ಕಾಣುತ್ತದೆ. ಬಕೆಟ್ ಇಡುವ ಮೊದಲೇ ತಳದಲ್ಲಿ ಒಂದು ಸೆಂಟಿಮೀಟರ್ 2% ದ್ರಾವಣ ಹಾಕಿ. ಈ ಬಕೆಟ್ಟುಗಳನ್ನು ಬೇರೆ ಗುಂಡಿಗೇ ಸುರಿಯಿರಿ, ಸೆಪ್ಟಿಕ್ ಟ್ಯಾಂಕಿಗಲ್ಲ. ಅಷ್ಟು ಕ್ಲೋರಿನ್ ಹೋದರೆ ಟ್ಯಾಂಕಿನ ಒಳಗೆ ಕೊಳೆಸುವ ಜೀವಾಣುಗಳೇ ಸತ್ತು ಟ್ಯಾಂಕ್ ಕಟ್ಟುತ್ತದೆ.

ಕಣ್ಣು ಗುಳಿಬಿದ್ದು, ನಾಡಿ ಸಿಗದೆ, ಕುಡಿಯಲೂ ಆಗದ ರೋಗಿಗೆ ರಿಂಗರ್ ಲ್ಯಾಕ್ಟೇಟ್ ಎಂಬ ಸಲೈನ್, ಮೈತೂಕದ ಕೆಜಿಗೆ 100 ಮಿಲಿ. ಒಂದು ವರ್ಷ ಮೇಲ್ಪಟ್ಟವರಿಗೆ ಮೊದಲ 30 ಮಿಲಿ ಅರ್ಧ ಗಂಟೆಯಲ್ಲಿ, ಉಳಿದ 70 ಮಿಲಿ ಎರಡೂವರೆ ಗಂಟೆಯಲ್ಲಿ. ವರ್ಷದೊಳಗಿನ ಕೂಸಿಗೆ ಅದೇ ಪ್ರಮಾಣ ಒಂದು ಗಂಟೆ ಮತ್ತು ಐದು ಗಂಟೆಗಳಲ್ಲಿ. 50 ಕೆಜಿಯ ಆಳಿಗೆ ಮೊದಲ ಅರ್ಧ ಗಂಟೆಯಲ್ಲೇ ಒಂದೂವರೆ ಲೀಟರ್. ಇಲ್ಲಿ ಹನಿ ಎಣಿಸುವ ಪ್ರಶ್ನೆಯೇ ಇಲ್ಲ. ದಪ್ಪ ಸೂಜಿ, 16 ಅಥವಾ 18 ಗೇಜ್, ಎರಡೂ ಕೈಗೆ, ಪೂರ್ತಿ ತೆರೆದು ಬಿಡಬೇಕು. ಸಾವು ಆಗುವುದು ಹೆಚ್ಚಾಗಿ ಹೆದರಿ ನಿಧಾನವಾಗಿ ಹನಿಸಿದಲ್ಲಿ. ನಾಡಿ ಇನ್ನೂ ಕ್ಷೀಣವಾಗಿದ್ದರೆ ಮೊದಲ 30 ಮಿಲಿಯನ್ನು ಮತ್ತೊಮ್ಮೆ ಕೊಡಿ. ಡೆಕ್ಸ್‌ಟ್ರೋಸ್ ಬಾಟಲಿ ಈ ಕೆಲಸಕ್ಕೆ ಬಾರದು. ತೀರಾ ಸೊರಗಿದ ಮಕ್ಕಳು, ಹೃದ್ರೋಗಿಗಳಿಗೆ ಲೆಕ್ಕ ಬೇರೆ, ಅದನ್ನು ವೈದ್ಯರು ಪಕ್ಕದಲ್ಲಿ ನಿಂತು ನಿರ್ಧರಿಸಬೇಕು.

ಗುಟುಕರಿಸುವ ಶಕ್ತಿ ಬಂದೊಡನೆ ಓಆರ್‌ಎಸ್. ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರಿಗೆ, 24 ಗಂಟೆಯ ಮೇಲೆ ಉಳಿದದ್ದು ಚೆಲ್ಲಿ. ಅರ್ಧ ಪೊಟ್ಟಣವನ್ನು ಲೋಟಕ್ಕೆ ಸುರಿದು ಕುಡಿಸುವುದು ಎಲ್ಲ ಕಡೆ ಕಾಣುವ ತಪ್ಪು, ಮಕ್ಕಳ ರಕ್ತದಲ್ಲಿ ಉಪ್ಪು ಏರುತ್ತದೆ. ಗಂಜಿ, ಮಜ್ಜಿಗೆ ಕೊಡಿ, ಎದೆಹಾಲು ನಿಲ್ಲಿಸಬೇಡಿ. ಆರು ತಿಂಗಳು ಮೇಲ್ಪಟ್ಟ ಮಕ್ಕಳಿಗೆ ಸತು 20 ಮಿಲಿಗ್ರಾಂ, 14 ದಿನ. ತೀವ್ರ ರೋಗಿಗೆ ಸರಾಸರಿ ಎಂಟು ಹತ್ತು ಲೀಟರ್ ಸಲೈನ್ ಹಿಡಿಯುತ್ತದೆ. ಹತ್ತರಲ್ಲಿ ಐವರು ತೀವ್ರ ಎಂದುಕೊಂಡರೂ 500 ಮಿಲಿಯ ನೂರು ಬಾಟಲಿ ದಾಸ್ತಾನು ಬೇಕು.

ಭೇದಿಯ ಮಾದರಿಯನ್ನು ಆಂಟಿಬಯೋಟಿಕ್ ಕೊಡುವ ಮೊದಲೇ ಕ್ಯಾರಿ-ಬ್ಲೇರ್ ಮಾಧ್ಯಮದಲ್ಲಿ (ಲ್ಯಾಬ್ ಮುಟ್ಟುವವರೆಗೆ ರೋಗಾಣುವನ್ನು ಉಳಿಸುವ ದ್ರವ್ಯ) ತೆಗೆಯಿರಿ. ಅದನ್ನು ಐಸಿನಲ್ಲಿ ಇಡಬೇಕಿಲ್ಲ. ಒಳ್ಳೆಯ ಉದ್ದೇಶದಿಂದ ಐಸ್ ಪೆಟ್ಟಿಗೆಗೆ ಹಾಕಿ ಕಳಿಸುವವರೇ ಹೆಚ್ಚು. ಅದೇ ದಿನ ಐಎಚ್‌ಐಪಿಯಲ್ಲಿ (ರೋಗ ವರದಿ ಮಾಡುವ ಸರ್ಕಾರಿ ಪೋರ್ಟಲ್) ನಮೂದು, ಜಿಲ್ಲಾ ಸರ್ವೇಕ್ಷಣಾ ಅಧಿಕಾರಿಗೆ ಫೋನು. ಕುಡಿಯುವ ನೀರಿನ ಪೈಪ್ ಎಲ್ಲಿ ಒಡೆದಿದೆ ಎಂದು ಹುಡುಕುವ ಕೆಲಸ ನಿಮ್ಮ ಆ ಫೋನಿನಿಂದ ಶುರುವಾಗುತ್ತದೆ.

ಸಿಬ್ಬಂದಿ, ಆಮ್ಲಜನಕ, ಕಸ

ಯಾವ ನರ್ಸಿಗೆ ಸೀತಾಳೆ ಬಂದಿದೆ, ಯಾರಿಗೆ ದಡಾರ, ಹೆಪಟೈಟಿಸ್ ಬಿ, ಟಿಡಿ (ಧನುರ್ವಾಯು-ಗಂಟಲುಮಾರಿ) ಲಸಿಕೆ ಆಗಿದೆ ಎಂಬ ಪಟ್ಟಿ ಮೊದಲೇ ಸಿದ್ಧವಿರಲಿ, ಪಾಳಿ ಹಾಕುವುದು ಅದನ್ನು ನೋಡಿ. ಪಿಪಿಇ (ರಕ್ಷಣೆಯ ಉಡುಪು) ತೊಡುವಾಗ ಯಾರಿಗೂ ರೋಗ ಅಂಟುವುದಿಲ್ಲ, ಕಳಚುವಾಗ ಅಂಟುತ್ತದೆ. ಕ್ರಮ: ಕೈಗವಸು, ಗೌನ್, ಕೈ ತೊಳೆತ, ಕನ್ನಡಕ, ಕೋಣೆಯ ಹೊರಗೆ ಬಂದು ಕೊನೆಗೆ ಎನ್-95 ಮಾಸ್ಕ್, ಮತ್ತೆ ಕೈ ತೊಳೆತ. ಗಡ್ಡ ಬಿಟ್ಟವರಿಗೆ ಎನ್-95 ಕೂರುವುದಿಲ್ಲ, ಹೇಳಲು ಸಂಕೋಚ ಬೇಡ.

ಡಿ ಮಾದರಿಯ ಸಿಲಿಂಡರಿನಲ್ಲಿ ಸುಮಾರು 7,000 ಲೀಟರ್ ಆಮ್ಲಜನಕ. ನಿಮಿಷಕ್ಕೆ 10 ಲೀಟರ್ ಹರಿಸಿದರೆ ಹನ್ನೊಂದೂವರೆ ಗಂಟೆ. ಬಿ ಮಾದರಿಯ 1,500 ಲೀಟರ್ ಅದೇ ವೇಗಕ್ಕೆ ಎರಡೂವರೆ ಗಂಟೆ. ರೋಗಿಯನ್ನು ಕಳಿಸುವಾಗ ರಸ್ತೆಯ ಸಮಯದ ದುಪ್ಪಟ್ಟು ಲೆಕ್ಕ ಹಾಕಿ.

2016ರ ನಿಯಮದ ಪ್ರಕಾರ ಹಳದಿ ಚೀಲಕ್ಕೆ ರಕ್ತ-ಕೀವು ತಾಗಿದ ಹತ್ತಿ, ಬಟ್ಟೆ, ಕೆಂಪಿಗೆ ಸಲೈನ್ ಪೈಪು, ಕೈಗವಸು, ಬಿಳಿ ಡಬ್ಬಿಗೆ ಸೂಜಿ, ನೀಲಿಗೆ ಗಾಜು. 48 ಗಂಟೆಯ ಮೇಲೆ ಇಟ್ಟುಕೊಳ್ಳುವಂತಿಲ್ಲ. ರೋಗ ಹಬ್ಬಿದ ವಾರದಲ್ಲಿ ಚೀಲ ಮೂರು ಪಟ್ಟು ಆದೀತು ಎಂದು ಗಾಡಿಯವರಿಗೆ ಮೊದಲ ದಿನವೇ ತಿಳಿಸಿ, ನಾಯಿ ನುಗ್ಗದ ಬೀಗದ ಕೋಣೆಯಲ್ಲಿಡಿ.

ಮುಚ್ಚುವಾಗ

ಕಾಲರಾ ವಾರ್ಡನ್ನು ಕೊನೆಯ ಕೇಸಿನ ನಂತರ ಹತ್ತು ದಿನ ಹೊಸಬರು ಬಾರದಿದ್ದರೆ ಮುಚ್ಚಬಹುದು. ದಡಾರದ ಕೋಣೆಯನ್ನು ರೋಗಿ ಹೋದ ಮೇಲೆ ಎರಡು ಗಂಟೆ ಫ್ಯಾನ್ ಹಾಕಿ ಖಾಲಿ ಬಿಟ್ಟು ಆಮೇಲೆ ಒರೆಸಿ. ರೆಕ್ಸಿನ್ ಹರಿದ ಗಾದಿಗಳನ್ನು ತೊಳೆಯಲು ಹೋಗಬೇಡಿ, ಒಳಗಿನ ಹತ್ತಿಗೆ ಇಳಿದದ್ದು ಹೊರಗೆ ಬರುವುದಿಲ್ಲ, ಅವು ಹಳದಿ ಚೀಲದ ಪಾಲು. ಉಳಿದವನ್ನು 0.5% ದ್ರಾವಣದಿಂದ ಎರಡೂ ಬದಿ ಒರೆಸಿ, ಬಿಸಿಲಿಗೆ ಹಾಕಿ. ಉಳಿದ ಬ್ಲೀಚಿಂಗ್ ಡಬ್ಬಿಗಳ ಮೇಲಿನ ತಾರೀಖು ನೋಡಿ, ಹಳೆಯದನ್ನು ಚರಂಡಿಗೆ ಬಳಸಿ ಮುಗಿಸಿ, ಮುಂದಿನ ಮಳೆಗಾಲಕ್ಕೆ ಹೊಸದನ್ನು ಮೇ ತಿಂಗಳಲ್ಲೇ ತರಿಸಿ.